ಶರೀಫರ ಪದವೂ ಗಿಟಾರಿನ ನಾದವೂ

ಕನ್ನಡದ ಹಾಡು ಕರ್ನಾಟಕದೊಳಗಿನಿಂದಲೇ ಹೊರಬರಬೇಕೆಂಬ ನಿಯಮವಿಲ್ಲ. ರಘು ದೀಕ್ಷಿತ್ ಅವರ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಬಿಡುಗಡೆಯಾದದ್ದು ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಈ ಗಾಯಕರು ‘ಅಂತರಾಗ್ನಿ’ ಎಂಬ ವಾದ್ಯವೃಂದ ಕಟ್ಟಿ ಬಹುಕಾಲ ಹಾಡಿದ್ದರೂ, ಚಲನಚಿತ್ರದ ಹಂಗಿಲ್ಲದ ಹಾಡಿಗೆ ಹಣ ಹೂಡುವವರು ಸುಲಭವಾಗಿ ದೊರೆತಿರಲಿಲ್ಲ.

ಆ ಮುದ್ರಿಕೆಯಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರು (1819–1889) ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು. ಅವರ ಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದ್ದರು. ಗಿಟಾರು, ಡ್ರಮ್ಮುಗಳೊಡನೆ ಅವು ಮತ್ತೊಂದು ತಲೆಮಾರಿನ ಕಿವಿಗೆ ಬಿದ್ದವು. 2011ರಲ್ಲಿ ಈ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿತು.

ಹೊಗೆನಕಲ್ ಎಂಬ ಊರ ಹೆಸರಿನಲ್ಲಿಯೇ ಕನ್ನಡವನ್ನು ಉಳಿಸಿಕೊಂಡಿರುವ ಧರ್ಮಪುರಿ ಜಿಲ್ಲೆಯ ಒಂದು ಮನೆಯಲ್ಲಿ, ಈ ಹಾಡನ್ನು ಕೇಳುತ್ತಿದ್ದ ಬಾಲಕ ‘ಮನಿ’ ಎಂಬುದನ್ನು ತಮಿಳಿನ ‘ಮಣಿ’ ಎಂದು ತಿಳಿದಿದ್ದ. “ಗಂಟೆಯಲ್ಲ ಕಣಪ್ಪ, ಮನೆ. ಧಾರವಾಡದ ಕಡೆ ಹಾಗನ್ನುತ್ತಾರೆ” ಎಂದು ಅಜ್ಜಿ ತಿದ್ದಿದರು. ಮಾಳಿಗೆ ಸೋರುತ್ತಿದ್ದರೆ ಯಾರೂ ಯಾಕೆ ದುರಸ್ತಿ ಮಾಡಲಿಲ್ಲ ಎಂದು ಅವನು ಕೇಳಿದ. ಪಾಠಪುಸ್ತಕದ ಪದ್ಯದ ಬಗೆಗೆ ಅವನೆಂದೂ ಅಂಥ ಪ್ರಶ್ನೆ ಕೇಳಿರಲಿಲ್ಲ.

ಆ ಪ್ರಶ್ನೆ ಸೇಲಂ, ಧರ್ಮಪುರಿಗಳ ಕನ್ನಡ ಮನೆಗಳಿಗೂ ಸಲ್ಲುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರ ಏಳನೆಯ ತಿದ್ದುಪಡಿಯ ಕೊಡುಗೆ. ತಮಿಳುನಾಡಿನ 2006ರ ಕಾಯಿದೆಯಂತೆ ತಮಿಳು ಕಲಿಕೆಯೂ ಹಂತಹಂತವಾಗಿ ಕಡ್ಡಾಯವಾಯಿತು. ನೆಲದ ಭಾಷೆಯನ್ನು ಕಲಿಯುವುದು ಮಕ್ಕಳಿಗೆ ಲಾಭವೇ. ಕನ್ನಡವನ್ನು ಬಿಡುವುದಕ್ಕೆ ಅದು ಕಾರಣವಾಗಬೇಕಿಲ್ಲ. ಶಾಲೆ ಉಳಿಯಬೇಕೆಂದು ಅರ್ಜಿ ಬರೆಯಬಹುದು, ನ್ಯಾಯಾಲಯದ ಮೆಟ್ಟಿಲನ್ನೂ ಏರಬಹುದು. ಆದರೆ ತರಗತಿಯಲ್ಲಿ ಮಕ್ಕಳೇ ಇಲ್ಲವಾದರೆ ಗೆದ್ದ ಆದೇಶದಿಂದ ಫಲವೇನು?

ಕನ್ನಡವೆಂದರೆ ಅಂಕಪಟ್ಟಿಯ ಒಂದು ಸಾಲು ಮಾತ್ರ ಎಂದು ಬಗೆದ ಮಗು ಅದನ್ನು ಹತ್ತನೆಯ ತರಗತಿಗೇ ಬಿಟ್ಟುಬಿಡುತ್ತದೆ. ತನ್ನ ವಯಸ್ಸಿಗೆ ಹಿಡಿಸುವ ನಾದದಲ್ಲಿ ಅದನ್ನು ಕೇಳಿದ ಮಗು ಅರ್ಥ ಕೇಳಿಕೊಂಡು ಹಿರಿಯರ ಬಳಿಗೆ ಬರುತ್ತದೆ. ಆಗ ಉತ್ತರ ಹೇಳುವಷ್ಟು ಕನ್ನಡವೂ ಬಿಡುವೂ ಮನೆಯವರಲ್ಲಿರಬೇಕು. ಮಾಳಿಗೆಯ ದುರಸ್ತಿ ಮನೆಯವರ ಕೆಲಸ. ಅದನ್ನು ಯಾವ ಕಾಯಿದೆಯೂ ಅವರ ಪರವಾಗಿ ಮಾಡಿಕೊಡಲಾರದು.