ಬೇಸಿಗೆಯೆಂದರೆ ಕೆರೆಗಿಳಿಯುವ ಕಾಲ

ಕೋಲಾರ ಸೀಮೆಯಲ್ಲಿ ಬೇಸಿಗೆ ಅಂದರೆ ಈಗ ಎಲ್ಲರ ಕಣ್ಣಿಗೂ ಬರುವುದು ಟ್ಯಾಂಕರಿನ ಮುಂದೆ ಸಾಲು ನಿಂತ ಕೊಡಗಳು. ಕೆರೆದಂಡೆಯ ಮನೆಯಲ್ಲಿ ಬೆಳೆದ ನನಗೆ ಬೇಸಿಗೆ ವರ್ಷದಲ್ಲೇ ಹೆಚ್ಚು ಕೆಲಸದ, ಹೆಚ್ಚು ಸಂಭ್ರಮದ ಕಾಲವಾಗಿತ್ತು. ಮಳೆಗಾಲದಲ್ಲಿ ಕೆರೆ ತನ್ನ ಪಾಡಿಗೆ ತಾನು ತುಂಬುತ್ತಿತ್ತು. ಬಿಸಿಲು ಏರಿ ನೀರು ತಗ್ಗಿದಂತೆಲ್ಲ ಊರು ಕೆರೆಯೊಳಕ್ಕೆ ಇಳಿಯುತ್ತಿತ್ತು.

ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗಿಲ್ಲ. ನಂದಿ ಬೆಟ್ಟದ ಕಡೆಯಿಂದ ಬರುವ ಪಾಲಾರ್ ಕೂಡ ಮಳೆಯನ್ನೇ ನಂಬಿದ ಹೊಳೆ. ಅದಕ್ಕೇ ಹಿಂದಿನವರು ಇಳಿಜಾರು ಕಂಡಲ್ಲೆಲ್ಲ ಏರಿ ಹಾಕಿ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವ ಹಾಗೆ ಸರಣಿ ಕಟ್ಟಿದರು. ನಮ್ಮೂರಿನದು ಅಂಥ ಸರಣಿಯ ನಡುವಿನ ಕೆರೆ. ಏರಿ ಮುಗಿಯುವ ದಿಣ್ಣೆಯ ಮೇಲೆ ನಮ್ಮ ಮನೆ. ಹಿತ್ತಿಲ ಬಾಗಿಲು ತೆಗೆದರೆ ನೀರು.

ಬೇಸಿಗೆ ಬಂತೆಂದು ನಮಗೆ ಹೇಳುತ್ತಿದ್ದುದು ತೂಬಿನ ಕಲ್ಲುಗಳು. ನೀರೊಳಗೆ ನಿಂತ ಎರಡು ಕಂಬ, ಅವುಗಳ ನಡುವೆ ಅಡ್ಡಪಟ್ಟಿಗಳು. ಸಂಕ್ರಾಂತಿ ಕಳೆದ ಮೇಲೆ ಒಂದೊಂದೇ ಪಟ್ಟಿ ಹೊರಗೆ ಕಾಣತೊಡಗುತ್ತಿತ್ತು. ಊರಿನ ಲೆಕ್ಕವೆಲ್ಲ ಆ ಕಲ್ಲಿನ ಮೇಲೆಯೇ. ಲೆಕ್ಕ ಹಿಡಿಯುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವಾಗ ತೂಬು ಮುಚ್ಚಬೇಕು ಎಂದು ತೀರ್ಮಾನಿಸುತ್ತಿದ್ದವನು ಅವನೇ. ಒಂದು ಬೆಳಿಗ್ಗೆ ಅವನು ನಮ್ಮ ಜಗಲಿಯ ಕೆಳಗೆ ನಿಂತು ತಾತನಿಗೆ, "ಗೌಡ್ರೇ, ಇನ್ನೊಂದು ಸಲ ಬಿಡ್ತೀನಿ, ಅಷ್ಟೆ. ಮಿಕ್ಕಿದ್ದು ದನಕ್ಕೆ ಬೇಕು" ಅಂದದ್ದು ಇನ್ನೂ ಕಿವಿಯಲ್ಲಿದೆ. ತಾತನ ಬೆಳೆಗೆ ಇನ್ನೆರಡು ಸಲ ನೀರು ಬೇಕಿತ್ತು. ಆದರೂ ತಾತ, "ಆಯ್ತಪ್ಪ" ಎಂದು ಸುಮ್ಮನಾದರು. ನೀರಿನ ವಿಷಯದಲ್ಲಿ ಅವನ ಮಾತಿನ ಮೇಲೆ ಮಾತಿರಲಿಲ್ಲ. ಕಣದಲ್ಲಿ ರಾಶಿಯಾದಾಗ ಅವನ ಪಾಲಿನ ಕಾಳು ಅಳೆದು ಕೊಡಬೇಕಿತ್ತು. ಈ ಸೀಮೆಯ ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಊರಿಗೆಲ್ಲ ನೀರು ಹಂಚುವವನ ಮನೆ ಊರಾಚೆಗಿತ್ತು, ಅವನು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಆ ಕಾಲವನ್ನು ಎಷ್ಟೇ ಪ್ರೀತಿಯಿಂದ ನೆನೆದರೂ ಈ ಅನ್ಯಾಯವನ್ನು ಮರೆಮಾಚಬಾರದು.

ನೀರು ಹಿಂದೆ ಸರಿದ ಕೂಡಲೇ ಗೋಡು ಹೊಡೆಯುವ ಕೆಲಸ. ಮಳೆಯ ನೀರು ಹೊಲಗಳಿಂದ ಕೊಚ್ಚಿ ತಂದು ಕೆರೆಯಲ್ಲಿ ಬಿಟ್ಟ ಮೆಕ್ಕಲು ಒಣಗಿ, ಅಂಗೈಯಗಲದ ಹೆಂಟೆಗಳಾಗಿ ಬಿರುಕು ಬಿಡುತ್ತಿತ್ತು. ಬೆಳಗಿನ ಜಾವವೇ ಗಾಡಿ ಕಟ್ಟಿ ಹೊರಡುತ್ತಿದ್ದರು. ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಸುರಿದ ಕಪ್ಪು ಗುಡ್ಡೆಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಕುಂಬಾರರು ತಮಗೆ ಬೇಕಾದ ಜಿಗುಟು ಮಣ್ಣನ್ನು ಬೇರೆ ಕಡೆ ಆರಿಸಿಕೊಳ್ಳುತ್ತಿದ್ದರು. ಎಷ್ಟು ಆಳ ಅಗೆಯಬೇಕು ಎಂಬುದು ಹಿರಿಯರಿಗೆ ಗುದ್ದಲಿಯ ಸದ್ದಿನಲ್ಲೇ ತಿಳಿಯುತ್ತಿತ್ತು. ಗೋಡು ಮುಗಿದು ಗಟ್ಟಿ ಜೇಡಿ ತಗುಲಿತೋ, "ಸಾಕು ನಿಲ್ಲಿಸ್ರಪ್ಪ, ತಳ ತೂತಾಗ್ತದೆ" ಎನ್ನುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯ ಹೂಳೂ ತೆಗೆದಂತಾಯಿತು.

ಮನೆಯೊಳಗಿನ ಬೇಸಿಗೆಯೂ ಕೆರೆಯನ್ನೇ ಹಿಡಿದು ನಡೆಯುತ್ತಿತ್ತು. ಬೆಳಿಗ್ಗೆ ಹೆಂಗಸರು ಬಟ್ಟೆ ಗಂಟು ಹೊತ್ತು ಕಲ್ಲಿಗೆ ಹೋದರೆ, ಬರುವಾಗ ಊರಿನ ಸುದ್ದಿಯೆಲ್ಲ ಜೊತೆಗೇ ಬರುತ್ತಿತ್ತು. ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು. ಬಾವಿ ಬತ್ತಿದರೆ ಅಜ್ಜಿ ನನ್ನನ್ನು ಕರೆದುಕೊಂಡು ಕೆರೆಯಂಗಳದಲ್ಲಿ ಚಿಲುಮೆ ತೋಡುತ್ತಿದ್ದರು. ಮರಳು ಸಿಕ್ಕ ಕಡೆ ಮೊಳದಾಳ ಕೆದಕಿ, ತೆಂಗಿನ ಚಿಪ್ಪು ಹಿಡಿದು ಕೂತರೆ ಸುತ್ತಲಿಂದ ನೀರು ಜಿನುಗುತ್ತಿತ್ತು. ಮೊದಲು ಬಂದದ್ದು ಕದಡು, ಅದನ್ನು ಮೊಗೆದು ಚೆಲ್ಲಬೇಕು. ಮತ್ತೆ ಬಂದದ್ದನ್ನೂ ಚೆಲ್ಲಬೇಕು. ಆಮೇಲೆ ಬರುವ ನೀರಿನಲ್ಲಿ ಮರಳಿನ ಒಂದೊಂದು ಕಣವೂ ಕಾಣುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ ಕೊಡ ತುಂಬಿಸಿಕೊಳ್ಳುತ್ತಿದ್ದೆವು. ರಾತ್ರಿ ಗಂಡಸರು, ಮಕ್ಕಳು ಚಾಪೆ ಹೊತ್ತು ಏರಿಯ ಮೇಲೆ ಮಲಗುತ್ತಿದ್ದೆವು. ನೀರಿನ ಮೇಲಿಂದ ಬೀಸುವ ಗಾಳಿಗೆ ನಡುರಾತ್ರಿ ಹೊದಿಕೆ ಹುಡುಕಬೇಕಾಗುತ್ತಿತ್ತು.

ಕೊನೆಗೆ ಮಡುವಿನಲ್ಲಿ ಮಾತ್ರ ನೀರು ಉಳಿದಾಗ ಹಿರಿಯರು ದಿನ ಗೊತ್ತುಮಾಡಿ ಸಾರಿಸುತ್ತಿದ್ದರು. ಅಂದು ಊರಿಗೆ ಊರೇ ಮೀನಿಗೆ ಇಳಿಯುತ್ತಿತ್ತು. ಕೂಳಿ, ಬಲೆ, ಹಳೆ ಸೀರೆ, ಕೈಗೆ ಸಿಕ್ಕಿದ್ದೇ ಸಾಧನ. ಆ ಸಂಜೆ ಯಾವ ಬೀದಿಗೆ ಹೋದರೂ ಹುಣಸೆಹುಳಿ ಹಿಂಡಿದ ಮೀನುಸಾರಿನ ವಾಸನೆ.

ಇದೆಲ್ಲ ಒಂದೇ ದಿನದಲ್ಲಿ ಹೋಗಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂತು. ರಾಗಿ ಹೊಲಗಳಲ್ಲೂ ಅದೇ ಎದ್ದು ನಿಂತಿತು. 2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡಬಾರದೆಂದು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ರಾಜಕಾಲುವೆಗಳು ಒತ್ತುವರಿಯಾದವು, ಕೆರೆಯಂಗಳಕ್ಕೆ ಬಳ್ಳಾರಿ ಜಾಲಿ ನುಗ್ಗಿತು. ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬನಿಗೂ ಅವನದೇ ನೀರು. ನೀರುಗಂಟಿಯ ಮಾತು ಯಾರಿಗೆ ಬೇಕು? ಕೊಳವೆಬಾವಿಗಳು ಸಾವಿರ ಅಡಿ ದಾಟಿ ಫ್ಲೋರೈಡ್ ನೀರು ಮೇಲೆತ್ತಿದಾಗ, ಕೆರೆಯನ್ನು ಮರಳಿ ನೋಡಲು ಊರಿಗೆ ಅಭ್ಯಾಸವೇ ತಪ್ಪಿಹೋಗಿತ್ತು.

2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ನಮ್ಮ ಕೆರೆಯೂ ತುಂಬಿದೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದವರ ಸಂತೋಷವನ್ನು ನಾನು ಹಗುರ ಮಾಡಲಾರೆ. ಒಣಗಿದ ಅಂಗಳ ನೋಡಿ ನೋಡಿ ಸೋತ ಕಣ್ಣಿಗೆ ಏಪ್ರಿಲ್ ತಿಂಗಳಿನಲ್ಲಿ ತುಂಬಿದ ಕೆರೆ ದೊಡ್ಡ ಸಮಾಧಾನ. ಆದರೆ ಆ ನೀರು ಅಂತರ್ಜಲಕ್ಕೆ, ಬಾಯಿಗಲ್ಲ. ಅದರಲ್ಲಿ ಯಾರೂ ಈಜುವುದಿಲ್ಲ, ಚಿಲುಮೆ ತೋಡಲು ಜಾಗವಿಲ್ಲ. ಮೀನು ಗುತ್ತಿಗೆಯವರದು, ಸಿಗುವುದೆಲ್ಲ ಜಿಲೇಬಿ ಮೀನು. ಸುತ್ತಲಿನ ಒಣಕೆರೆಗಳಲ್ಲಿ ಜೆಸಿಬಿ ಇಟ್ಟಿಗೆಗೂಡಿಗೆ ಮಣ್ಣು ತೋಡುತ್ತದೆ. ಗುದ್ದಲಿಯ ಸದ್ದಿಗೆ "ಸಾಕು" ಅನ್ನುವವರು ಅಲ್ಲಿಲ್ಲ. ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಸೊಳ್ಳೆಯ ಕಾಟಕ್ಕೆ ಹಗಲೂ ಅಗಳಿ ಹಾಕಿರುತ್ತಾರೆ.

ನನ್ನನ್ನು ಕಾಡುವ ನಷ್ಟ ಇದು: ಕೆರೆ ತಗ್ಗುವುದು ಕೇಡು ಎಂದಷ್ಟೇ ಈಗಿನವರಿಗೆ ಗೊತ್ತು, ಅದು ಕೆರೆಯ ಆರೈಕೆಯ ಕಾಲವೂ ಆಗಿತ್ತೆಂದು ಹೇಳುವವರಿಲ್ಲ. ತೂಬು ಮುಚ್ಚಲು ಬಲ್ಲವರು, ಗೋಡು ಎಲ್ಲಿ ಮುಗಿದು ಜೇಡಿ ಎಲ್ಲಿ ಶುರುವಾಗುತ್ತದೆಂದು ಬಲ್ಲವರು ಊರೂರಲ್ಲಿ ಒಬ್ಬಿಬ್ಬರು ಇನ್ನೂ ಇದ್ದಾರೆ, ಎಲ್ಲರೂ ಎಪ್ಪತ್ತು ದಾಟಿದವರು. ಪಂಚಾಯಿತಿಗಳು, ಶಾಲೆಗಳು ಅವರನ್ನು ಕೆರೆಯ ಏರಿಗೆ ಕರೆತಂದು, ಈ ಸಲ ಜಗಲಿಯ ಮೇಲೆಯೇ ಕೂರಿಸಿ, ಅವರ ವಿದ್ಯೆಯನ್ನು ಕೇಳಿ ಕಲಿಯಬೇಕು. ಬೆಂಗಳೂರಿನಿಂದ ಪೈಪಿನಲ್ಲಿ ನೀರು ತರಬಹುದು. ಈ ತಿಳಿವಳಿಕೆ ಅವರೊಂದಿಗೇ ಹೋದರೆ ಅದನ್ನು ಎಲ್ಲಿಂದಲೂ ತರಲಾಗುವುದಿಲ್ಲ.