ಹೆಸರು ಹಾಕಿಸಿದ ತಟ್ಟೆ

ಮದುವೆಯಲ್ಲಿ ಅವ್ವ ಕೊಟ್ಟ ಸ್ಟೀಲು ಪಾತ್ರೆಗಳಿಗೆಲ್ಲ ನನ್ನ ಹೆಸರು ಹಾಕಿಸಿದ್ದಳು. ಒಂದು ಕೊಡ, ಎರಡು ಡಬರಿ, ಆರು ತಟ್ಟೆ. ಅಂಗಡಿಯವನು ಸಣ್ಣ ಮಿಷನ್ ಹಿಡಿದು ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ. 2002ರಲ್ಲಿ ಗಂಡ ತೀರಿಕೊಂಡ ಮೇಲೆ ಆರರಲ್ಲಿ ಐದು ತಟ್ಟೆ ಅಡುಗೆಮನೆಯಲ್ಲೇ ಉಳಿದವು. ಒಂದು ಹಿತ್ತಲ ಬಚ್ಚಲು ಕಟ್ಟೆಗೆ ಹೋಯಿತು. ಅದರಲ್ಲೇ ನನ್ನ ಊಟ, ಅದನ್ನು ನಾನೇ ತೊಳೆದು ಅಲ್ಲೇ ಕವುಚಿ ಹಾಕಬೇಕು. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಮುದ್ದೆ ಮಾತ್ರ ಮೇಲಿಂದ ಬೀಳುತ್ತಿತ್ತು. ಆಕೆಯನ್ನು ದೂರುವ ಮನಸ್ಸು ಈಗ ಇಲ್ಲ. ಮಗನ ಹೆಣಕ್ಕೆ ನೀರು ಹಾಕಲು ನೆಂಟರು ಯಾರೂ ಮುಂದೆ ಬರದ್ದನ್ನು ಕಣ್ಣಾರೆ ಕಂಡ ಮುದುಕಿ.

ನನ್ನ ಗಂಡ ಹೊಸಪೇಟೆ ಕಡೆಯಿಂದ ಅದಿರು ತುಂಬಿಕೊಂಡು ಮಂಗಳೂರಿಗೆ ಹೋಗುವ ಲಾರಿ ಓಡಿಸುತ್ತಿದ್ದ. ಅವನಿಗೆ ಎಚ್‌ಐವಿ ಎಲ್ಲಿ ಅಂಟಿತು, ಹೇಗೆ ಅಂಟಿತು ಅಂತ ಊರೆಲ್ಲ ಮಾತಾಡಿತು. ನನಗೆ ಹೇಗೆ ಬಂತು ಅಂತ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ, ಆದರೆ ಶಿಕ್ಷೆ ಪೂರ್ತಿ ನನಗೇ ಬಂತು. ಮಗಳಿಗೆ ಆಗ ಮೂರು ವರ್ಷ. ಅವಳ ರಕ್ತ ಪರೀಕ್ಷೆ ನೆಗೆಟಿವ್ ಬಂದ ದಿನ ಮಾರಮ್ಮನ ಗುಡಿಗೆ ಹೋಗಿ ಸುಮ್ಮನೆ ಕೂತು ಬಂದೆ. ಹರಕೆಯ ಕಾಯಿ ಒಡೆಸಲು ಕೈಯಲ್ಲಿ ಕಾಸಿರಲಿಲ್ಲ.

2003ರ ದೀಪಾವಳಿ ಹೊತ್ತಿಗೆ ಕೆಮ್ಮು ಶುರುವಾಯಿತು. ಸಂಜೆಯಾದರೆ ಜ್ವರ, ರಾತ್ರಿ ಸೀರೆ ಹಿಂಡುವಷ್ಟು ಬೆವರು. ಬಾಯಿ ತುಂಬ ಬಿಳಿ ಅಗ್ರ ಬಂದು ನೀರು ನುಂಗಿದರೂ ಉರಿಯುತ್ತಿತ್ತು. ಅಣ್ಣ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅದರ ಹೆಸರು ಬೇಡ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು, ಅದನ್ನು ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲಿಟ್ಟರು. ಆಯಾ ಬಾಗಿಲಲ್ಲೇ ನಿಂತು ಮಾತ್ರೆ ಪೊಟ್ಟಣವನ್ನು ಮಂಚದ ಮೇಲೆ ಎಸೆದಳು. ಬೆಳಿಗ್ಗೆ ಡಾಕ್ಟರು ಅಣ್ಣನನ್ನು ಹೊರಗೆ ಕರೆದು, "ಇಲ್ಲಿ ಇಂಥ ಕೇಸು ಇಟ್ಕೊಳ್ಳಲ್ಲ" ಅಂದರು. ಇಟ್ಟುಕೊಂಡ ಒಂದು ರಾತ್ರಿಗೆ ದುಡ್ಡು ಮಾತ್ರ ಲೆಕ್ಕ ಹಾಕಿ ತೆಗೆದುಕೊಂಡರು.

ಊರಿಗೆ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆಯೊಬ್ಬರು ಒಂದು ಚೀಟಿ ಬರೆದುಕೊಟ್ಟರು: ಸ್ನೇಹದಾನ, ಸರ್ಜಾಪುರ ರಸ್ತೆ, ಕಾರ್ಮೆಲರಾಂ, ಬೆಂಗಳೂರು. ಕಮಿಲಿಯನ್ ಅನ್ನುವ ಕ್ಯಾಥೊಲಿಕ್ ಸಭೆಯ ಪಾದ್ರಿಗಳು 1997ರಲ್ಲಿ ಶುರು ಮಾಡಿದ ಜಾಗ, ಏಡ್ಸ್ ಆದವರನ್ನೇ ನೋಡಿಕೊಳ್ಳುತ್ತಾರೆ ಅಂದರು. "ಜಾತಿ ಕೆಡಿಸಲ್ಲ ತಾನೇ?" ಅಂತ ಅತ್ತೆ ಒಳಗಿನಿಂದ ಕೇಳಿದರು. ಕೆಡಲು ಇನ್ನೇನು ಉಳಿದಿದೆ ಅಂತ ನನಗೆ ನಗು ಬಂತು. ನಕ್ಕರೆ ಕೆಮ್ಮು ಬರುತ್ತಿತ್ತು.

2004ರ ಫೆಬ್ರವರಿ. ಮಗಳನ್ನು ಅವ್ವನ ಹತ್ತಿರ ಬಿಟ್ಟು ಬಸ್ಸು ಹತ್ತಿದೆ. ಅಣ್ಣ ಕಂಡಕ್ಟರಿಗೆ "ಕಾಮಾಲೆ ಆಗೈತೆ" ಅಂತ ಸುಳ್ಳು ಹೇಳಿ ಹಿಂದಿನ ಸೀಟು ಪೂರ್ತಿ ನನಗೆ ಬಿಡಿಸಿದ. ಮೆಜೆಸ್ಟಿಕ್ಕಿನಲ್ಲಿ ಇಳಿದವಳಿಗೆ ಇನ್ನೊಂದು ಬಸ್ಸಿಗೆ ನಡೆಯಲಾಗಲಿಲ್ಲ. ಅಣ್ಣ ಟವೆಲ್ಲು ಬಾಯಿಗೆ ಕಟ್ಟಿಕೊಂಡು ನನ್ನನ್ನು ಬೆನ್ನಿಗೆ ಹಾಕಿಕೊಂಡ. ಅವನೂ ಹೆದರಿದ್ದ. ಹೆದರಿಕೊಂಡೇ ಹೊತ್ತ.

ಅಲ್ಲಿ ಮೊದಲು ತೂಕ ನೋಡಿದರು: 31 ಕಿಲೊ. ಹೆಸರು ಕೇಳಿದರು. "ಯಾವೂರಮ್ಮ? ಮಳೆ ಚೆನ್ನಾಗಿ ಆಯ್ತಾ?" ಅಂದರು. ಎರಡು ವರ್ಷದಲ್ಲಿ ಮಳೆ ಬಗ್ಗೆ ನನ್ನ ಹತ್ತಿರ ಯಾರೂ ಮಾತಾಡಿರಲಿಲ್ಲ.

ಕಫದ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ನನ್ನ ಮಂಚವನ್ನು ಬೇರೆ ಕೋಣೆಯಲ್ಲಿ ಕಿಟಕಿ ಪಕ್ಕಕ್ಕೆ ಹಾಕಿದರು. ಇಲ್ಲೂ ಅದೇ ಕತೆ ಅಂತ ಗೋಡೆಗೆ ಮುಖ ಮಾಡಿ ಮಲಗಿದೆ. ಸಿಸ್ಟರ್ ಬಂದು ಮಂಚದ ಅಂಚಿಗೆ ಕೂತರು. "ಈ ಕೆಮ್ಮು ಗಾಳಿಯಲ್ಲಿ ಹರಡುತ್ತೆ, ಆಚೆ ಇರೋರ ಮೈಯಲ್ಲಿ ತಡಕೊಳ್ಳೋ ಶಕ್ತಿ ಇಲ್ಲ. ಮಾತ್ರೆ ಶುರುವಾಗಿ ಎರಡು ವಾರ ಕಳೀಲಿ, ಆಮೇಲೆ ಎಲ್ಲರ ಜೊತೆ ಹಾಕ್ತೀವಿ. ನಿನ್ನ ಇನ್ನೊಂದು ಕಾಯಿಲೆ ಇದೆಯಲ್ಲ, ಅದು ಮುಟ್ಟಿದರೆ ಬರಲ್ಲ, ಜೊತೇಲಿ ಉಂಡರೆ ಬರಲ್ಲ." ಹೇಳುತ್ತ ನನ್ನ ಕೈ ಹಿಡಿದುಕೊಂಡೇ ಇದ್ದರು. ಬೇರೆ ಇಡುವುದಕ್ಕೂ ಒಂದು ಕಾರಣ, ಒಂದು ಅವಧಿ ಇರಬಹುದು ಅಂತ ನನಗೆ ಗೊತ್ತಾದದ್ದು ಅವತ್ತೇ.

ಹೇಳಿದಂತೆ ಹದಿನೈದನೇ ದಿನಕ್ಕೆ ಊಟದ ಮನೆಗೆ ಹೋದೆ. ಉಂಡಾದ ಮೇಲೆ ತಟ್ಟೆ ತೊಳೆದು ಮೂಲೆಯಲ್ಲಿ ಕವುಚಿ ಹಾಕಿ ಬಂದೆ. ರಾತ್ರಿ ನೋಡಿದರೆ ಅದು ಅಲ್ಲಿಲ್ಲ. ಅಡುಗೆಯಾಕೆಯನ್ನು ಕೇಳಿದೆ, "ಅಕ್ಕಾ, ನನ್ನ ತಟ್ಟೆ?"

"ಯಾವ ತಟ್ಟೆ? ರಾಶಿ ಬಿದ್ದಿದೆ, ಯಾವುದಾದ್ರೂ ತಗೊ" ಅಂದಳು. ಸಾರಿನ ಮೇಲೇ ಅವಳ ಗಮನ. ನಾನು ರಾಶಿಯ ಮುಂದೆ ಬಹಳ ಹೊತ್ತು ನಿಂತೆ. ಹಿಂದಿನವರು ಬೇಗ ಬೇಗ ಅಂತ ತಳ್ಳಿದ ಮೇಲೆ ಒಂದನ್ನು ಎತ್ತಿಕೊಂಡೆ.

ಅಲ್ಲಿ ಬದುಕಿದವರ ಕತೆ ಹೇಳುವುದು ಸುಲಭ. ಪಕ್ಕದ ಮಂಚದಲ್ಲಿ ರಾಯಚೂರು ಕಡೆಯ ಹುಡುಗಿ ಇದ್ದಳು, ನನಗಿಂತ ಸಣ್ಣವಳು. ಟಿಬಿ ಮಿದುಳಿಗೆ ಏರಿತ್ತು. ಒಂದು ಇಡೀ ರಾತ್ರಿ ಅವಳ ತಲೆ ಹಿಡಿದು ಒಬ್ಬರು ಬ್ರದರ್ ಕೂತಿದ್ದರು, ತುಟಿಗೆ ಹತ್ತಿಯಲ್ಲಿ ನೀರು ಒತ್ತುತ್ತ. ಬೆಳಗಿನ ಜಾವ ಹೋದಳು. ಮನೆಯವರಿಗೆ ಫೋನ್ ಮಾಡಿದರು, ಬರುತ್ತೇವೆ ಅಂದವರು ಬರಲಿಲ್ಲ. ಅವಳ ಮೈಯನ್ನು ಬಿಸಿನೀರಲ್ಲಿ ಒರೆಸಿ, ತಲೆ ಬಾಚಿ, ಹೊಸ ಸೀರೆ ಸುತ್ತಿದರು. ನಾನು ಗಂಡನನ್ನು ನೆನೆದುಕೊಂಡು ಅವತ್ತು ಅತ್ತೆ. ಅವನು ಸತ್ತಾಗ ಅಷ್ಟು ಅತ್ತಿರಲಿಲ್ಲ.

ಆ ಬ್ರದರ್ ಕೇರಳದವರು. ಅವರ ಕನ್ನಡದಲ್ಲಿ ಗಂಡಸು ಹೆಂಗಸು ಎಲ್ಲ "ಬಂತು, ಹೋಯ್ತು". ಹಬ್ಬದ ದಿನ ಅವರ ನಿಲುವಂಗಿಯ ಎದೆ ಮೇಲೆ ದೊಡ್ಡ ಕೆಂಪು ಶಿಲುಬೆ ನೋಡಿ, ಆಂಬುಲೆನ್ಸಿನ ಗುರುತಾ ಅಂತ ಕೇಳಿದೆ. ನಕ್ಕು ಕತೆ ಹೇಳಿದರು. ಅವರ ಸಭೆ ಕಟ್ಟಿದ ಕಮಿಲಸ್ 1550ರಲ್ಲಿ ಇಟಲಿಯಲ್ಲಿ ಹುಟ್ಟಿದವನು. ಆರೂವರೆ ಅಡಿ ಆಳು, ಸಿಪಾಯಿ, ಜೂಜುಕೋರ. ಕಾಲಿಗೆ ವಾಸಿಯಾಗದ ಹುಣ್ಣು. ರೋಮಿನ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿ, ಅಲ್ಲೇ ಚಾಕರಿಗೂ ನಿಂತು, ಇಸ್ಪೀಟಿನ ಚಟಕ್ಕೆ ಹೊರಗೆ ಹಾಕಿಸಿಕೊಂಡ. ತಿದ್ದಿಕೊಂಡು ಮತ್ತೆ ಬಂದಾಗ ಕೂಲಿಯವರು ರೋಗಿಗಳನ್ನು ನೋಡಿಕೊಳ್ಳುವ ರೀತಿ ಅವನಿಗೆ ಸಹಿಸಲಾಗಲಿಲ್ಲ. ಪ್ರೀತಿಯಿಂದ ಮಾಡುವವರ ಗುಂಪು ಕಟ್ಟಿದ. ಆ ಕೆಂಪು ಶಿಲುಬೆ ಧರಿಸಲು 1586ರಲ್ಲಿ ಪೋಪ್ ಅಪ್ಪಣೆ ಕೊಟ್ಟರು, ರೆಡ್ ಕ್ರಾಸ್ ಸಂಸ್ಥೆ ಹುಟ್ಟಿದ್ದು 1863ರಲ್ಲಿ. ಸಾಮಾನ್ಯವಾಗಿ ಕ್ಯಾಥೊಲಿಕ್ ಸನ್ಯಾಸಿಗಳಿಗೆ ಮೂರು ವ್ರತವಾದರೆ ಇವರಿಗೆ ನಾಲ್ಕು. ನಾಲ್ಕನೆಯದು, ಜೀವಕ್ಕೆ ಅಪಾಯವಾದರೂ ರೋಗಿಯ ಸೇವೆ ಬಿಡಬಾರದು ಅನ್ನುವುದು. ಕಾಲಿನ ಹುಣ್ಣು ಅವನಿಗೆ ಸಾಯುವವರೆಗೂ ವಾಸಿಯಾಗಲಿಲ್ಲವಂತೆ. ನನಗೆ ಹಿಡಿಸಿದ್ದು ಅದೇ. ವಾಸಿಯಾಗದವನೇ ವಾಸಿಯಾಗದವರಿಗೆ ಮನೆ ಮಾಡಿದ್ದ.

ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಪ್ರಾರ್ಥನೆ ಇರುತ್ತಿತ್ತು, ಮನಸ್ಸಾದ ದಿನ ಹೋಗಿ ಕೂರುತ್ತಿದ್ದೆ. ದಿಂಬಿನ ಕೆಳಗೆ ಮಾರಮ್ಮನ ಭಂಡಾರ ಇಟ್ಟುಕೊಂಡಿದ್ದೆ, ಹಾಸಿಗೆ ಬದಲಿಸುವಾಗ ಸಿಸ್ಟರ್ ಅದನ್ನು ಜೋಪಾನವಾಗಿ ಮತ್ತೆ ಅಲ್ಲೇ ಇಡುತ್ತಿದ್ದರು.

ಗುಣಪಡಿಸುವ ಔಷಧ ಅವರ ಹತ್ತಿರವೂ ಇರಲಿಲ್ಲ. ವೈರಸ್ಸನ್ನು ಅದುಮಿಡುವ ಮಾತ್ರೆ ಆಗ ಅಂಗಡಿಯಲ್ಲಿ ತಿಂಗಳಿಗೆ ಸಾವಿರ ರೂಪಾಯಿಗೂ ಮೇಲೆ. ಟಿಬಿ ಮಾತ್ರೆ, ಗಂಜಿ, ಮೊಟ್ಟೆ, ಬಾಯಿಗೆ ಹಚ್ಚುವ ಔಷಧಿ, ಇಷ್ಟರಲ್ಲೇ ನನ್ನನ್ನು ಹಿಡಿದಿಟ್ಟರು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಆ ಮಾತ್ರೆ, ಅಂದರೆ ಎಆರ್‌ಟಿ ಕೊಡಲು ಶುರು ಮಾಡಿತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ನನ್ನನ್ನೂ ಕಳಿಸಿದರು. ರೋಗ ತಡೆಯುವ ರಕ್ತಕಣಗಳ ಲೆಕ್ಕ, ಅಂದರೆ ಸಿಡಿ-4 ಎಣಿಕೆ, 200ಕ್ಕಿಂತ ಕಡಿಮೆ ಇದ್ದವರಿಗೆ ಆಗ ಮಾತ್ರೆ ಕೊಡುತ್ತಿದ್ದರು, ನನ್ನದು 61. ಮಾತ್ರೆ ಬರುವ ಎರಡು ತಿಂಗಳು ಮೊದಲೇ ನಾನು ಸಾಯಬೇಕಾಗಿತ್ತು. ಆ ಎರಡು ತಿಂಗಳು ಅವರು ಕೊಟ್ಟದ್ದು.

ಮಾತ್ರೆಯೂ ಸುಮ್ಮನೆ ಬಿಡಲಿಲ್ಲ. ರಾತ್ರಿ ಚಿತ್ರವಿಚಿತ್ರ ಕನಸು: ಗಂಡ ಲಾರಿಯ ಮೇಲೆ ಹತ್ತಿ ನನ್ನ ಸೀರೆ ಒಣಗಹಾಕುತ್ತಿದ್ದ. ಆಮೇಲೆ ಅಂಗಾಲು ಉರಿ, ಕೆನ್ನೆ ಒಳಗೆ ಹೋಗಿ ಮುಖವೇ ಬದಲಾಯಿತು. ಕೆಲ ವರ್ಷದ ನಂತರ ಆ ಮಾತ್ರೆಯನ್ನೇ ಕೈಬಿಟ್ಟು ಬೇರೆ ಕೊಟ್ಟರು. ಈಗ ದಿನಕ್ಕೆ ಒಂದೇ.

ಮೇ ತಿಂಗಳಲ್ಲಿ ಸಿಸ್ಟರ್, "ಇನ್ನು ಮನೆಗೆ ಹೋಗಬಹುದು" ಅಂದಾಗ ತೂಕ 40 ಆಗಿತ್ತು. ನಾನು ಅತ್ತೆ. ಯಾವ ಮನೆ ಅಂತ ಗೊತ್ತಿರಲಿಲ್ಲ. ಆದರೆ ಗೇಟಿನ ಹತ್ತಿರ ಒಂದು ಆಟೊ ನಿಂತಿತ್ತು, ಅದರೊಳಗೆ ಫೆಬ್ರವರಿಯ ನನ್ನ ಹಾಗೇ ಒಬ್ಬಳು. ಬಟ್ಟೆ ಗಂಟು ಕಟ್ಟಿದೆ. ಹೊಲಿಗೆ ಗೊತ್ತಿತ್ತು. ಪೀಣ್ಯದ ಗಾರ್ಮೆಂಟ್ಸ್ ಸೇರಿದೆ, ಮಗಳನ್ನು ಕರೆಸಿಕೊಂಡೆ. ಫ್ಯಾಕ್ಟರಿಯಲ್ಲಿ ನನ್ನ ಕಾಯಿಲೆ ಯಾರಿಗೂ ಹೇಳಿಲ್ಲ. ಹೇಳಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ ಅಂತ 2017ರಲ್ಲಿ ಕಾಯ್ದೆಯೇ ಆಗಿದೆ. ಕಾಯ್ದೆ ಇದ್ದರೂ ಮಧ್ಯಾಹ್ನ ಡಬ್ಬಿ ಹಂಚಿಕೊಳ್ಳುವಾಗ ಒಂದು ಕ್ಷಣ ಎದೆ ಹೊಡೆದುಕೊಳ್ಳುತ್ತೆ.

ಮೊನ್ನೆ ಮಗಳ ಮದುವೆಗೆ ಪಾತ್ರೆ ಕೊಳ್ಳಲು ಹೋಗಿದ್ದೆವು. ಅಂಗಡಿಯವನು ಮಿಷನ್ ಕೈಗೆತ್ತಿಕೊಂಡು, "ಹೆಸರು ಹಾಕ್ಲಾ ಅಕ್ಕಾ?" ಅಂದ. ಬೇಡ ಅಂದೆ. ಮಗಳು ನನ್ನ ಮುಖ ನೋಡಿದಳು. ನನ್ನ ಕಾಯಿಲೆ ಅವಳಿಗೆ ಗೊತ್ತು, ತಟ್ಟೆಯ ವಿಷಯ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಹೇಳುತ್ತ ಬಂದೆ.