ಚಾಟ್ನಿಗಿಂತ ಮುಂಚೆ ಏಳು ದಿನ ಸ್ಪೇನ್

ಹದಿನೈದು ದಿನದಿಂದ ಏನೂ ಬರೆದಿಲ್ಲ ಯಾಕೆ ಅಂತ ನಾಲ್ಕಾರು ಮಂದಿ ಫೋನ್ ಮಾಡಿ ಕೇಳಿದ್ರಿ. ಆರಾಮ ಇದ್ದೀನಿ. ತೋಟಾನೂ ಆರಾಮ ಐತಿ. ರಾತ್ರಿ ಊಟ ಆದಮೇಲೆ ಮೊಬೈಲಿನಲ್ಲಿ ಸ್ಪೇನ್ ದೇಶದ ನಕಾಶೆ ನೋಡಿಕೋತ ಕೂಡೋದಾಗಿದೆ, ಅದಕ್ಕೆ ಬರೆಯೋದು ನಿಂತಿತ್ತು. ನಗಬ್ಯಾಡ್ರಿ, ಮೊದಲು ಪೂರ್ತಿ ಓದ್ರಿ.

ನನ್ನ ಮಗಳು ಜರ್ಮನಿಯಲ್ಲಿ ನೌಕರಿ ಮಾಡ್ತಾಳೆ ಅನ್ನೋದು ನಿಮಗೆ ಗೊತ್ತು. ಮೂರು ವರ್ಷದಿಂದ ಬರ್ರಿ ಬರ್ರಿ ಅಂತಿದ್ಲು. ಪ್ರತಿ ಸಲ ನಾನು ಒಂದು ನೆವ ಹೇಳಿದೆ. ಒಂದು ವರ್ಷ ಮಳಿ, ಒಂದು ವರ್ಷ ರೇಟು, ಒಂದು ವರ್ಷ ಮಣೂಕ ಶೆಡ್ಡು. ಈ ಸಲ ಆಕಿ ನನ್ನ ಕೇಳಲೇ ಇಲ್ಲ. ಅವ್ವನ ಕೂಡ ಮಾತಾಡಿ, "ಒಂದು ವಾರ ನಾನು ರಜಾ ಹಾಕ್ತೀನಿ, ಸಮುದ್ರದ ದಂಡಿ ಇರೋ ದೇಶಕ್ಕೆ ಹೋಗಿ ಕಾರು ತಗೊಂಡು ಅಡ್ಡಾಡೋಣ, ಇಟಲಿನೋ ಸ್ಪೇನೋ ಪಪ್ಪಾನೇ ಹೇಳಲಿ" ಅಂದಿದ್ದಾಳೆ. ನಾನು ಸ್ಪೇನ್ ಅಂದೆ. ನಾವು ಹಾಕೋ ಮೂರು ಬೆಳಿ, ದ್ರಾಕ್ಷಿ, ದಾಳಿಂಬರಿ, ಲಿಂಬಿ, ಮೂರೂ ಒಂದೇ ದಂಡೆಯಲ್ಲಿ ಸಿಗೋ ಜಾಗ ಅದು.

ಮಗಳು ಕಳಿಸಿದ ಮೊದಲನೇ ಪ್ಲಾನು ನೋಡಿ ನನಗೆ ತಲಿ ತಿರುಗಿತು. ಬಾರ್ಸಿಲೋನಾ, ವಲೆನ್ಸಿಯಾ, ಗ್ರನಾಡಾ, ಸೆವಿಲ್ಲಾ, ಮತ್ತ ವಾಪಸ್ ಬಾರ್ಸಿಲೋನಾ. ಏಳು ದಿನದಾಗ ಎರಡು ಸಾವಿರ ಕಿಲೋಮೀಟರ್. ಹಿಂದೊಮ್ಮೆ ನಾವು ಕ್ರೂಸರ್ ಮಾಡಿಕೊಂಡು ಐದು ದಿನದಾಗ ಧರ್ಮಸ್ಥಳ, ಉಡುಪಿ, ಗೋಕರ್ಣ ಎಲ್ಲಾ ಮುಗಿಸಿ ಬಂದಿದ್ವಿ. ಈಗ ನೆನಪಿರೋದು ಘಾಟಿನಲ್ಲಿ ಹುಡುಗರು ವಾಂತಿ ಮಾಡಿದ್ದು ಒಂದೇ. ಅದಕ್ಕೆ ಮಗಳಿಗೆ ಅಂದೆ, "ಊರು ಕಡಿಮಿ ಮಾಡವ್ವ, ಹೊಲ ಜಾಸ್ತಿ ಮಾಡು."

ಮೊದಲು ದಿನ ಗೊತ್ತು ಮಾಡಬೇಕಿತ್ತು. ದ್ರಾಕ್ಷಿ ಬೆಳೆಗಾರನಿಗೆ ವರ್ಷದಾಗ ಊರು ಬಿಡೋ ದಿನ ಎಷ್ಟು ಅಂತ ನಿಮಗೇನು ಹೇಳೋದು. ಫೆಬ್ರವರಿಯಿಂದ ಕಟಾವು, ಮಣೂಕ. ಏಪ್ರಿಲ್ ಚಾಟ್ನಿ, ಆಮೇಲೆ ಕಡ್ಡಿ ತಯಾರಿ. ಅಕ್ಟೋಬರ್ ಚಾಟ್ನಿ ಆದರೆ ಮುಗೀತು, ದಿನಾ ತೋಟದಾಗೇ ಇರಬೇಕು. ಸಿಗೋದು ಸೆಪ್ಟೆಂಬರ್ ಕೊನೆಯ ಭಾಗ ಮಾತ್ರ. ಪುಣ್ಯಕ್ಕೆ ಅಲ್ಲಿಯೂ ಅದೇ ಒಳ್ಳೆ ಕಾಲ. ಬಿಸಿಲು ಇಳಿದಿರ್ತದೆ, ಭತ್ತ ಕಟಾವು ನಡೆದಿರ್ತದೆ, ದಾಳಿಂಬರಿ ಬಣ್ಣ ತಿರುಗಿರ್ತದೆ, ದ್ರಾಕ್ಷಿ ಇನ್ನೂ ಬಳ್ಳಿಯಲ್ಲಿರ್ತದೆ. ಒಂದು ಅಂಜಿಕೆ ಅಂದ್ರ ಆ ದಂಡೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಾಗ ಒಮ್ಮಿಂದೊಮ್ಮೆಲೆ ಮೋಡ ಒಡೆದಂಗ ಮಳಿ ಆಗ್ತದೆ. 2024ರ ಅಕ್ಟೋಬರ್ 29ಕ್ಕೆ ವಲೆನ್ಸಿಯಾ ಸುತ್ತಮುತ್ತ ಇನ್ನೂರಕ್ಕಿಂತ ಹೆಚ್ಚು ಜನ ಪ್ರವಾಹದಾಗ ಹೋದ್ರು. ಕಾರಿನಲ್ಲಿ ಇದ್ದವರೂ ಇದ್ದರು ಅದರಾಗ. ಅದಕ್ಕೆ ಒಂದು ನಿಯಮ ಮಾಡಿದ್ದೇವೆ. ಹವಾಮಾನದವರು ಕೆಂಪು ಎಚ್ಚರಿಕೆ ಕೊಟ್ಟ ದಿನ ಕಾರು ಹೊರಗೆ ತೆಗೆಯೋದಿಲ್ಲ, ಪ್ಲಾನು ಹಾಳಾದರೆ ಹಾಳಾಗಲಿ.

ಇನ್ನು ಕಾಗದ ಪತ್ರ. ಮುಂದೆ ಯಾರಾದರೂ ಹೋಗೋರಿದ್ದರೆ ಕೇಳ್ರಿ. ಹೆಚ್ಚು ದಿನ ಯಾವ ದೇಶದಾಗ ಇರ್ತೀವೋ ಆ ದೇಶದ ವೀಸಾ ಹಾಕಬೇಕು. ನಮ್ಮದು ಒಟ್ಟು 18 ದಿನ, ಅದರಾಗ 11 ದಿನ ಮಗಳ ಮನೆ, ಅದಕ್ಕೆ ಜರ್ಮನಿ ವೀಸಾ. ಅದರ ಮೇಲೆಯೇ ಸ್ಪೇನಿಗೆ ಹೋಗಬಹುದು. ಫೀ ಒಬ್ಬರಿಗೆ 90 ಯೂರೋ, 30,000 ಯೂರೋ ಖರ್ಚು ಭರಿಸುವಂಥ ಆರೋಗ್ಯ ವಿಮೆ ಬೇಕು, ಬೆರಳಚ್ಚು ಕೊಡೋಕೆ ನಾವು ಹೋಗಬೇಕಾಗಿರೋದು ಬೆಂಗಳೂರಿಗೆ. ಫಾರ್ಮಿನಾಗ ಆದಾಯ ತೆರಿಗೆ ರಿಟರ್ನ್ ಕೇಳ್ತಾರೆ. ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲ, ನಾನು ರಿಟರ್ನ್ ಎಲ್ಲಿಂದ ತರಲಿ? ಪಹಣಿ, ಮಣೂಕ ಮಾರಿದ ಪಟ್ಟಿ, ಬ್ಯಾಂಕಿನ ಸ್ಟೇಟ್‌ಮೆಂಟು, ಮಗಳು ಖರ್ಚು ನೋಡಿಕೊಳ್ತೀನಿ ಅಂತ ಅಲ್ಲಿಯ ಕಚೇರಿಯಲ್ಲಿ ಬರೆದುಕೊಟ್ಟ ಪತ್ರ, ಇಷ್ಟು ಜೋಡಿಸಿದ್ದೇವೆ. ಪಹಣಿಯಲ್ಲಿ ನನ್ನ ಹೆಸರು ಒಂದು ತರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಾಗ ಒಂದು ತರ. ಅದಕ್ಕೊಂದು ಅಫಿಡವಿಟ್. ಈ ಕೆಲಸಕ್ಕೆ ಓಡಾಡಿದ್ದರಾಗ ಅರ್ಧ ಸ್ಪೇನ್ ಮುಗೀತಿತ್ತು.

ಕಾರು ಹೊಡೆಯೋದು ಮಗಳು. ಜರ್ಮನಿ ಲೈಸೆನ್ಸ್ ಸ್ಪೇನಿನಲ್ಲಿ ನಡೀತದೆ. ರಸ್ತೆಯ ಬಲಗಡೆ ಹೋಗಬೇಕು, ಹೈವೇ ಮೇಲೆ 120ಕ್ಕಿಂತ ಜಾಸ್ತಿ ಇಲ್ಲ. ವಲೆನ್ಸಿಯಾದಿಂದ ಅಲಿಕಾಂತೆ ತನಕ ದಂಡಿ ಹಿಡಿದು ಹೋಗೋ ಹೈವೇಗೆ 2020ರ ಜನವರಿ 1ರಿಂದ ಟೋಲ್ ತೆಗೆದಿದ್ದಾರೆ. ಟೋಲ್ ತೆಗೆಯೋದೂ ಉಂಟಾ ಅಂತ ನಾನು ಎರಡು ಸಲ ಕೇಳಿದೆ.

ಈಗ ಪ್ಲಾನಿಗೆ ಬರ್ತೀನಿ. ಇಡೀ ವಾರ ಒಂದು ಗುರುವಾರದ ಮೇಲೆ ನಿಂತಿದೆ. ವಲೆನ್ಸಿಯಾದ ದೊಡ್ಡ ಚರ್ಚಿನ ಬಾಗಿಲ ಮುಂದೆ ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ನೀರಿನ ಪಂಚಾಯತಿ ಕೂಡ್ತದೆ. ತೂರಿಯಾ ಅಂತ ಹೊಳಿ, ಅದರ ಎರಡೂ ದಂಡೆಯ ಕಾಲುವೆಗಳಿಗೆ ಒಬ್ಬೊಬ್ಬರಂತೆ ಎಂಟು ಮಂದಿ. ಎಲ್ಲರೂ ರೈತರೇ, ರೈತರೇ ಆರಿಸಿದವರು. ಕರೀ ಅಂಗಿ ಹಾಕ್ಕೊಂಡು ದುಂಡಗೆ ಕೂಡ್ತಾರೆ. ಸಿಪಾಯಿ ಒಬ್ಬ ಒಂದೊಂದು ಕಾಲುವೆ ಹೆಸರು ಕೂಗಿ, ಈ ಕಾಲುವೆಯ ಮೇಲೆ ತಕರಾರು ಬಂದವರಿದ್ದರೆ ಮುಂದೆ ಬರ್ರಿ ಅಂತಾನೆ. ವಕೀಲರಿಲ್ಲ. ಅರ್ಜಿ ಇಲ್ಲ. ಬಾಯಿಮಾತಿನಲ್ಲೇ ಎಲ್ಲಾ. ಯಾರ ಕಾಲುವೆಯ ಜಗಳವೋ ಆ ಕಾಲುವೆಯ ಪಂಚ ತೀರ್ಪಿನಲ್ಲಿ ಸೇರೋಹಂಗಿಲ್ಲ. ಅಲ್ಲೇ ತೀರ್ಪು, ಅದರ ಮೇಲೆ ಅಪೀಲು ಇಲ್ಲ. ಅರಬರ ಆಳ್ವಿಕೆ ಕಾಲದಿಂದ ಬಂದದ್ದು ಅಂತ ಅಲ್ಲಿಯವರು ಹೇಳ್ತಾರೆ, 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ತಕರಾರು ಯಾವುವು ಅಂದ್ರ, ಬ್ಯಾರೆಯವರ ಪಾಳಿಯಲ್ಲಿ ನೀರು ತಗೊಂಡದ್ದು, ಬಾಂದ ಒಡೆದದ್ದು, ತನ್ನ ಹೊಲದ ನೀರು ಮಗ್ಗಲಿನವನ ಹೊಲಕ್ಕೆ ಬಿಟ್ಟದ್ದು. ಎಷ್ಟೋ ಗುರುವಾರ ತಕರಾರೇ ಇರೋದಿಲ್ಲವಂತೆ, ಹೆಸರು ಕೂಗಿ ಐದು ಮಿನಿಟಿಗೆ ಎದ್ದು ಹೋಗ್ತಾರಂತೆ. ಮಗಳು ಅದನ್ನೇ ಹೇಳಿದಳು, "ಪಪ್ಪಾ, ಐದು ಮಿನಿಟ್ ನೋಡೋಕೆ ಇಡೀ ವಾರ ತಿರುಗಿಸಬೇಕಾ?" ಹೌದು, ತಿರುಗಿಸು ಅಂದೆ. ಮುರ್ಸಿಯಾದಾಗ ಇಂಥದೇ ಇನ್ನೊಂದು ಪಂಚಾಯತಿ ಐತಿ, ಅದೂ ಗುರುವಾರವೇ. ಎರಡೂ ನೋಡೋದು ಆಗೋದಿಲ್ಲ.

ಹಿಂಗಾಗಿ ಬುಧವಾರ ವಲೆನ್ಸಿಯಾದಲ್ಲಿ ಇಳಿಯೋದು. ಗುರುವಾರ ಪಂಚಾಯತಿ, ಸಂಜೆ ಊರ ಮಗ್ಗಲಿಗೇ ಇರೋ ಅಲ್ಬೊರಾಯಾ. ಅಲ್ಲಿ ಚೂಫಾ ಅಂತ ಬೆಳೀತಾರೆ, ಏನಂದ್ರ ನಮ್ಮ ಹೊಲದ ಜೇಕಿನ ದಾಯಾದಿ! ಅದರ ಗಡ್ಡಿ ನೆನೆಸಿ, ರುಬ್ಬಿ, ಸಕ್ಕರಿ ಹಾಕಿ ಹಾಲಿನಂಗ ಕುಡೀತಾರೆ. ನಾವು ಜೇಕು ಕೀಳಿಸೋಕೆ ಆಳಿಗೆ ಪಗಾರ ಕೊಡ್ತೀವಿ, ಅವರು ಅದನ್ನ ಗ್ಲಾಸಿನಾಗ ಹಾಕಿ ಮಾರ್ತಾರೆ. ಶುಕ್ರವಾರ ಅಲ್ಬುಫೇರಾ ಕೆರಿ ಸುತ್ತಿನ ಭತ್ತದ ಗದ್ದಿ ನೋಡಿಕೊಂಡು ಎಲ್ಚೆ ಊರಿಗೆ, ಎರಡು ತಾಸಿನ ಹಾದಿ.

ಶನಿವಾರ ಎಲ್ಚೆಯಲ್ಲಿ ದಾಳಿಂಬರಿ. ಅಲ್ಲಿಯ ತಳಿ ಮೊಯಾರ್, ಕಾಳು ಮೆತ್ತಗೆ, ಬಣ್ಣ ನಮ್ಮ ಭಗವಾದಷ್ಟು ಇಲ್ಲ, ರುಚಿ ಬಾಳ ಸೀ ಅಂತಾರೆ. ಒಂದು ವಿಷಯ ನನ್ನ ತಲ್ಯಾಗ ಕೂತಿದೆ. ನಾವು ನೀರು ಕಟ್ಟಿ, ಎಲಿ ಉದುರಿಸಿ, ಹಸ್ತ ಬಹಾರ, ಮೃಗ ಬಹಾರ ಅಂತ ನಮಗೆ ಬೇಕಾದಾಗ ಹೂವು ಬಿಡಿಸ್ತೀವಿ. ಅಲ್ಲಿ ಚಳಿಗೆ ಗಿಡ ತಾನೇ ಎಲಿ ಉದುರಿಸಿ ಮಲಗ್ತದೆ, ವರ್ಷಕ್ಕೊಂದೇ ಫಸಲು. ಆರಿಸೋ ಮಾತೇ ಇಲ್ಲ. ಎಲ್ಲರ ಹಣ್ಣೂ ಒಂದೇ ಸಲ ಪ್ಯಾಟಿಗೆ ಬಂದರೆ ರೇಟು ಹೆಂಗ ನಿಲ್ತದೆ, ಅದನ್ನ ಕೇಳಬೇಕು.

ಭಾನುವಾರ ಅಂಗಡಿ ಬಹಳಷ್ಟು ಬಂದ್. ಆ ದಿನ ನಮ್ಮ ಮನೆಯವರಿಗೆ ಬಿಟ್ಟಿದ್ದೇನೆ. "ಏನು ನೋಡ್ತಿ?" ಅಂತ ಕೇಳಿದೆ. "ನೋಡೋದೇನಿಲ್ರೀ, ಸಮುದ್ರದ ಮುಂದ ಕೂಡ್ತೀನಿ. ಯಾರೂ ಚಾ ಕೇಳಬಾರದು" ಅಂದಳು. ಬರಕೊಂಡೆ.

ಸೋಮವಾರ ನೊವೆಲ್ಡಾ. ವಿನಾಲೊಪೊ ಅಂತ ಕಣಿವಿ, ತಿನ್ನೋ ದ್ರಾಕ್ಷಿಯ ಸೀಮೆ. ಜೂನ್, ಜುಲೈನಾಗ ಒಂದೊಂದು ಗೊಂಚಲಕ್ಕೂ ಕಾಗದದ ಚೀಲ ಹಾಕಿ ಮ್ಯಾಲ ಕಟ್ತಾರೆ, ತಳ ತೆರೆದಿರ್ತದೆ. ಮೊದಲು ಹುಳದ ಕಾಟಕ್ಕೆ ಮಾಡಿದ್ದು, ಆಮೇಲೆ ನೋಡಿದ್ರ ಹಣ್ಣು ತಡವಾಗಿ ಮಾಗ್ತದೆ, ಸಿಪ್ಪಿ ತೆಳ್ಳಗೆ ಉಳೀತದೆ, ಬಣ್ಣ ಒಂದೇ ಸಮ ಬರ್ತದೆ. ಅಲೆದೊ ಅನ್ನೋ ತಳಿ ಡಿಸೆಂಬರ್ ತನಕ ಬಳ್ಳಿಯಲ್ಲೇ ಇರ್ತದೆ. ಆ ದೇಶದಾಗ ಡಿಸೆಂಬರ್ 31ರ ರಾತ್ರಿ 12ರ ಗಂಟಿ ಹೊಡಿಯೋವಾಗ ಒಂದೊಂದು ಗಂಟಿಗೆ ಒಂದೊಂದು ದ್ರಾಕ್ಷಿ ತಿನ್ನೋ ಪದ್ಧತಿ, ಹಿಂಗಾಗಿ ವರ್ಷದ ಕೊನೆಗೇ ಅವರಿಗೆ ಗಿರಾಕಿ. ಎರಡು ಎಕರೆಗೆ ಎಷ್ಟು ಚೀಲ, ಎಷ್ಟು ಆಳು ಅಂತ ನಾನು ಲೆಕ್ಕ ಹಾಕಿ ಬಿಟ್ಟುಬಿಟ್ಟೆ. ಆದರೂ ಕಟ್ಟಿದ್ದನ್ನ ಕಣ್ಣಿಲೆ ನೋಡಬೇಕು.

ಅಂದು ಸಂಜೆಯೇ ಅಲ್ಮೆರಿಯಾ. ಮಂಗಳವಾರ ಎಲ್ ಎಹೀದೊ ಸುತ್ತ ಪ್ಲಾಸ್ಟಿಕ್ ಸಾಗರ. ಮೂವತ್ತು ಸಾವಿರ ಹೆಕ್ಟೇರಿಗಿಂತ ಹೆಚ್ಚು ಪಾಲಿಹೌಸ್, ಬಾನಿನಿಂದ ನೋಡಿದರೂ ಬೆಳ್ಳಗೆ ಕಾಣ್ತದೆ. ನಮಗೆ ಸಂಬಂಧ ಇರೋದು ಏನಂದ್ರ, ಆ ಸೀಮೆ ಮೊದಲು ದ್ರಾಕ್ಷಿ ಸೀಮೆ. ಓಹಾನೆಸ್ ಅನ್ನೋ ತಳಿ, ಗಟ್ಟಿ ಸಿಪ್ಪಿ. ಪೀಪಾಯಿಯಲ್ಲಿ ಬೆಂಡಿನ ಪುಡಿ ತುಂಬಿ ಹಡಗಿನ ಮ್ಯಾಲ ಇಂಗ್ಲೆಂಡು, ಅಮೆರಿಕಕ್ಕೆ ಕಳಿಸ್ತಿದ್ದರು. 1920ರ ದಶಕದಲ್ಲಿ ಹಣ್ಣುನೊಣದ ನೆಪದ ಮೇಲೆ ಅಮೆರಿಕ ಬಾಗಿಲು ಹಾಕಿತು. ಎಕ್ಸ್‌ಪೋರ್ಟ್ ಮಾಡೋರಿಗೆ ಇದು ಹೊಸದೇನಲ್ಲ. ಮುಂದೆ 1963ರಲ್ಲಿ ಮೊದಲ ಪಾಲಿಹೌಸ್ ಬಂತು. ದ್ರಾಕ್ಷಿ ಚಪ್ಪರದ ಕಂಬ, ತಂತಿ ಕಟ್ಟೋ ಕಲೆ ಅಲ್ಲಿ ಇತ್ತಲ್ಲ, ಅದೇ ಚಪ್ಪರದ ಮ್ಯಾಲ ಪ್ಲಾಸ್ಟಿಕ್ ಹೊದಿಸೋದು ಕಲಿತರು. ಈಗ ಅಂತರ್ಜಲ ಇಳಿದು ಸಮುದ್ರದ ಉಪ್ಪುನೀರು ಒಳಗೆ ನುಗ್ಗಿದೆ, ಸಮುದ್ರದ ನೀರೇ ಸಿಹಿ ಮಾಡಿ ಬಳಸ್ತಾರೆ. ದುಡಿಯೋರು ಮೊರಾಕ್ಕೊ, ಆಫ್ರಿಕಾದಿಂದ ಬಂದವರು, ಎಷ್ಟೋ ಮಂದಿ ಹರಕು ಗುಡಿಸಲಿನಾಗ ಇರ್ತಾರೆ. ಅದನ್ನೂ ನೋಡಬೇಕು, ಬರೇ ಟೊಮ್ಯಾಟೊ ಅಲ್ಲ. ಬುಧವಾರ ಮಾಲಗಾದಿಂದ ವಿಮಾನ.

ಊಟದ ಚಿಂತಿ ನಮ್ಮಾಕಿ ಮುಗಿಸಿದ್ದಾಳೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ತುಪ್ಪ ಒಯ್ಯೋಹಂಗಿಲ್ಲ, ಹಾಲಿನ ಪದಾರ್ಥಕ್ಕೆ ಯುರೋಪಿನಾಗ ತಡೆ ಐತಿ. ಕೆಲವು ಗೆಳೆಯರು ದಾಳಿಂಬರಿ ಕಡ್ಡಿ ತಾ, ದ್ರಾಕ್ಷಿ ಕಡ್ಡಿ ತಾ ಅಂದಿದ್ದೀರಿ. ತರೋದಿಲ್ಲ. ಪರವಾನಗಿ ಇಲ್ಲದೆ ಕಡ್ಡಿ ತರೋದು ಕಾನೂನಿಗೂ ವಿರುದ್ಧ, ಅದರ ಕೂಡ ಯಾವ ರೋಗ ಬರ್ತದೋ ಯಾರಿಗೆ ಗೊತ್ತು.

ಇಷ್ಟೆಲ್ಲಾ ಮುಗಿದ ಮೇಲೆ ಒಂದು ಉಳಿದಿತ್ತು. 18 ದಿನ ತೋಟ ಯಾರು ನೋಡೋದು? ಸೆಪ್ಟೆಂಬರ್ ಮಳಿಗೆ ಎಲಿ ಮ್ಯಾಲ ಡೌನಿ ಬಂದ್ರ ಆಳು ಮನುಷ್ಯನಿಗೆ ಬಿಟ್ಟು ಕೂಡೋಹಂಗಿಲ್ಲ. ನಮ್ಮಾಕಿ ಒಂದೇ ಮಾತು ಅಂದಳು, "ನಿಮ್ಮ ತಮ್ಮನ್ನ ಕೇಳ್ರಿ."

ನಮ್ಮ ಓಣಿಯವರಿಗೆಲ್ಲ ಗೊತ್ತು, ಮೂರು ವರ್ಷದಿಂದ ನಾವಿಬ್ಬರೂ ಮಾತು ಬಿಟ್ಟಿದ್ವಿ. ಅಪ್ಪ ತೋಡಿಸಿದ ಭಾವಿ ಇಬ್ಬರಿಗೂ ಕೂಡಿ. ಮೂರು ದಿನ ನನ್ನ ಪಾಳಿ, ಮೂರು ದಿನ ಅವನ ಪಾಳಿ. ಆ ಬ್ಯಾಸಗಿಯಲ್ಲಿ ಭಾವಿ ತಳ ಕಂಡಿತ್ತು. ಒಂದು ರಾತ್ರಿ ಅವನ ಪಾಳಿಯಲ್ಲಿ ನನ್ನ ದಾಳಿಂಬರಿಗೆ ಎರಡು ತಾಸು ನೀರು ಹೋಯಿತು. ವಾಲ್ವ್ ಲೀಕ್ ಆಗಿತ್ತು ಅಂತ ನಾನು ಹೇಳಿದೆ. ಹಿರಿಯರ ಮುಂದೂ ಅದನ್ನೇ ಹೇಳಿದೆ. ನಿಮ್ಮಲ್ಲೂ ಕೆಲವರಿಗೆ ಅದನ್ನೇ ಹೇಳಿದ್ದೇನೆ. ವಾಲ್ವ್ ಲೀಕ್ ಆಗಿರಲಿಲ್ಲ. ನಾನೇ ತಿರುವಿದ್ದೆ.

ಆ ಗುರುವಾರದ ಪಂಚಾಯತಿ ವಿಡಿಯೋ ನೋಡೋವಾಗೆಲ್ಲ ನನಗೆ ಒಂದು ಸಂಕಟ. ಎಂಟು ಮಂದಿ ರೈತರ ಮುಂದೆ, ಬೀದಿಯ ಜನರ ಎದುರಿಗೆ ನಿಂತು ವಾಲ್ವ್ ಲೀಕ್ ಅನ್ನೋಕೆ ಬಾಯಿ ಬರ್ತಿತ್ತಾ ಅಂತ. ಬಾಂದದ ಮ್ಯಾಲ ನಿಂತು ತಮ್ಮನಿಗೆ ಹೇಳಿದೆ. "ಆವತ್ತ ನಾನೇ ತಿರುವಿದ್ದೆ."

ಅವ ಪಂಪಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದ. ತಲಿ ಎತ್ತಲಿಲ್ಲ. "ಗೊತ್ತೈತಿ. ಮುಂಜಾನಿ ನಿನ್ನ ಗಿಡದ ಬುಡ ಎಲ್ಲಾ ಹಸಿ ಇದ್ದವು. ಲೀಕ್ ಆದ್ರ ಒಂದು ಸಾಲು ಹಸಿ ಆಗ್ತೈತಿ." ಸ್ವಲ್ಪ ಹೊತ್ತು ಬಿಟ್ಟು, "ಯಾವ ತಾರೀಖಿಗೆ ಹೊಂಟಿ?" ಅಂದ. ತೋಟ ನೋಡ್ತೀನಿ ಅಂದ. ಚಾಕ್ಕ ಬಾ ಅಂದ್ರ ಬರಲಿಲ್ಲ. ಇದನ್ನೆಲ್ಲಾ ಬರೀಲೇನು ಅಂತ ಅವನನ್ನ ಕೇಳಿಯೇ ಬರೆದಿದ್ದೇನೆ.

ಮರುದಿನ ಔಷಧದ ಪಟ್ಟಿ ಕೊಡೋಕೆ ಹೋದಾಗ ಅವನೇ ಕೇಳಿದ, "ಅಣ್ಣಾ, ಆ ಕಾಗದದ ಚೀಲ ಮಳಿ ಬಂದ್ರ ಹರಿಯೂದಿಲ್ಲೇನು? ಒಂದು ಖಾಲಿ ಚೀಲ ತಗೊಂಡು ಬಾ, ನೋಡೂಣು."

ಕಡ್ಡಿ ತರೋಹಂಗಿಲ್ಲ, ಖಾಲಿ ಚೀಲಕ್ಕೆ ಯಾರೂ ಬ್ಯಾಡ ಅನ್ನಲಿಕ್ಕಿಲ್ಲ. ನಿಮಗೂ ಅಲ್ಲಿಯ ರೈತರಿಗೆ ಏನಾದ್ರೂ ಕೇಳೋದಿದ್ದರೆ ಸೆಪ್ಟೆಂಬರ್ 10ರ ಒಳಗೆ ನನಗೆ ಹೇಳ್ರಿ. ಮಗಳು ಸ್ಪ್ಯಾನಿಶ್‌ನಾಗ ಬರೆದು ಇಟ್ಕೋತಾಳೆ. ಆ 18 ದಿನ ನನ್ನ ತೋಟಕ್ಕೆ ಬರೋರು ನಮ್ಮ ತಮ್ಮನಿಗೆ ಫೋನ್ ಮಾಡಿ ಬರ್ರಿ.